ಒಂದು ಡಾಲರಿನ ದೋಣಿ

ಮೇನ್ ಕರಾವಳಿ, ಮಚಾಯಸ್. ಮಾರ್ಚ್ ಮುಗಿದರೂ
ಕಚೇರಿಯ ಹೀಟರ್ ಕೆಮ್ಮುತ್ತಿದೆ.
ಫೋನಿನ ಸ್ಪೀಕರಿನೊಳಗಿಂದ ವಿಚಾರಣಾಧಿಕಾರಿ:
ದೋಣಿಯನ್ನು ಒಂದು ಡಾಲರಿಗೆ ಮಾರಿದ್ದು ಹೌದೇ?

ಹೌದು, ಎನ್ನುತ್ತಾಳೆ ಆರ್ವಿಲ್ಲಾ ಪೆಲ್ಕಿ.
ಎಂಬತ್ತೆಂಟು. ಗಾಲಿಕುರ್ಚಿ. ಮಡಿಲಲ್ಲಿ ಕೈಚೀಲ,
ಚೀಲದಲ್ಲಿ ಆ ಡಾಲರು. ಖರ್ಚು ಮಾಡಿಲ್ಲ.

ನಾನು ಅವಳ ಕಡೆಯ ಪುಕ್ಕಟೆ ವಕೀಲೆ.
ಐದು ವರ್ಷ ಹಿಂದಕ್ಕೆ ತಿರುಗಿ ನೋಡುತ್ತದೆ ಕಾನೂನು;
ದೋಣಿ ಕೈಬಿಟ್ಟದ್ದು ನಾಲ್ಕು ವರ್ಷ ಹತ್ತು ತಿಂಗಳ ಕೆಳಗೆ.
ಪೇಟೆ ಬೆಲೆ ಇಪ್ಪತ್ತೊಂದು ಸಾವಿರ.
ಒಂದು ಕಳೆದರೆ ಉಳಿದದ್ದು ದಾನ. ದಾನಕ್ಕೆ ದಂಡ:
ಎರಡು ತಿಂಗಳು ನರ್ಸಿಂಗ್ ಹೋಮಿನ ಬಿಲ್ಲಿಗೆ
ಸರ್ಕಾರ ಕೈಯೆತ್ತುತ್ತದೆ.

ಪಕ್ಕದ ಮನೆಯ ಡೆಲ್ಮರ್ ಬೀಲ್
ಏಳು ಚಳಿಗಾಲ ಅವಳ ಅಂಗಳದ ಹಿಮ ಗೋರಿದ,
ಅವಳ ಗಂಡನನ್ನು ಸ್ನಾನಕ್ಕೆ ಎತ್ತಿ ಕೂರಿಸಿದ,
ಕೊನೆಕೊನೆಗೆ ಉಗುರೂ ಕತ್ತರಿಸಿದ.
ಕರಾರು ಇತ್ತೇ? ಬರಹದಲ್ಲಿ? ಗಂಟೆಗೆ ಇಷ್ಟೆಂದು?

ನಾನು ಕಲಮು ಹೇಳುತ್ತೇನೆ, ಉಪಕಲಮು ಹೇಳುತ್ತೇನೆ.
ಅವಳು ನಡುವೆ ಬಾಯಿ ಹಾಕುತ್ತಾಳೆ:
"ದಾನ ಕೊಡೋಕೆ ನಾನೇನು ಸಾಹುಕಾರ್ತಿಯೇ? ಅದು ಋಣ.
ಅಷ್ಟಕ್ಕೂ ಎಂಜಿನ್ ಕೆಟ್ಟಿತ್ತು."

ಆ ಕಡೆ ಕಾಗದ ಸರಿದ ಸದ್ದು.
"ಕೆಟ್ಟಿತ್ತೇ? ಮೆಕ್ಯಾನಿಕ್ಕಿನ ಚೀಟಿ ಇದೆಯೇ?"

ಹನ್ನೊಂದು ಸಲ ಓದಿದ್ದೇನೆ ಈ ಕಡತ,
ಎಂಜಿನ್ನಿನ ಮಾತು ಎಲ್ಲೂ ಇಲ್ಲ.
ಅವಳತ್ತ ತಿರುಗುತ್ತೇನೆ.
ನಡುಗುವ ಬೆರಳು ಜಿಪ್ಪು ಎಳೆಯುತ್ತಿದೆ, ಹಲ್ಲು ಹಲ್ಲಾಗಿ.
ಮೊದಲು ಡಾಲರನ್ನು ತೆಗೆದು ಮೇಜಿನ ಮೇಲಿಟ್ಟು
ಮತ್ತೆ ಒಳಗೆ ತಡಕಾಡುತ್ತಾಳೆ.