ದುಂಡು ಮೂಲೆಯ ಹುಲ್ಲುಗಾವಲು

ಹಿಮ ಕರಗಿದ ಮೇಲೆ ಈ ದ್ವೀಪದ ಮಣ್ಣು
ವರ್ಷ ವರ್ಷವೂ ಕಬ್ಬಿಣ ಹೆರುತ್ತದೆ.
ಸಾಮೂಹಿಕ ಬೇಸಾಯದ ಕಾಲದ ಮುಳ್ಳುತಂತಿ,
ಟ್ರಾಕ್ಟರಿನ ಹಲ್ಲು, ಯಾರದೋ ಬಕೀಟಿನ ಹಿಡಿ.
ಮುಹುವಿನಲ್ಲಿ ಏಪ್ರಿಲ್ ಅಂದರೆ ನನಗೆ ಹೂವಲ್ಲ,
ಒಂದು ಗೋಣಿಚೀಲ, ಒಂದು ಇಕ್ಕಳ,
ಬಗ್ಗಿದ ಬೆನ್ನು.

ಇಷ್ಟೆಲ್ಲ ಒಂದು ಕುದುರೆಗಾಗಿ.

ತುಯಿಸ್ಕ್ ಅಂದರೆ ನಮ್ಮಲ್ಲಿ ಹಿಮದ ಸುಂಟರಗಾಳಿ.
ಹೆಸರಿಟ್ಟವನು ಬಣ್ಣ ನೋಡಿ ಇಟ್ಟ,
ಗುಣ ಆಮೇಲೆ ಗೊತ್ತಾಯಿತು.
ಮರಿಯಾಗಿದ್ದಾಗ ಗೇಟಿನ ಕೊಕ್ಕೆಗೆ
ಮೂಗಿನ ಹೊಳ್ಳೆ ಸಿಕ್ಕಿಸಿಕೊಂಡ.
ಮರುವರ್ಷ, ಇಡೀ ಲಾಯಕ್ಕೆ ಒಂದೇ ಒಂದು ಮೊಳೆ,
ಅದನ್ನು ಹುಡುಕಿ ಹೋಗಿ ರೆಪ್ಪೆ ಹರಿದುಕೊಂಡ.
ಪಶುವೈದ್ಯೆ ಮಾರೆಟ್ ಫೆರಿ ಇಳಿಯುವಾಗಲೇ ಕೇಳುತ್ತಾಳೆ:
ಈ ಸಲ ಎಷ್ಟು ಹೊಲಿಗೆ?
ನನ್ನ ಮದುವೆಯ ಲಂಗಕ್ಕೂ ಅಷ್ಟು ಬಿದ್ದಿರಲಿಲ್ಲ.

ಮೊದಲು ತಂತಿ ಕಿತ್ತೆ.
ಅಂಗೈಯಗಲದ ಬಿಳಿ ಪಟ್ಟಿ ಎಳೆದೆ,
ಮಬ್ಬಿನಲ್ಲೂ ಅವನ ಕಣ್ಣಿಗೆ ಬೀಳಲಿ ಎಂದು.
ಮೂಲೆಗಳನ್ನು ಸವರಿ ದುಂಡಗೆ ಮಾಡಿದೆ,
ಮುದಿ ಹೆಣ್ಗುದುರೆ ಇವನನ್ನು ಒತ್ತರಿಸಿ ಒದೆಯದಂತೆ.
ಜುನಿಪರ್ ಕಡಿದಲ್ಲಿ ಉಳಿದ ಮೊನಚು ಮೋಟುಗಳು
ನೆಲಸಮ.
ಕಬ್ಬಿಣದ ಗೂಟಗಳ ನೆತ್ತಿಗೆ
ಮೊಮ್ಮಗಳ ಹಳೆಯ ಟೆನಿಸ್ ಚೆಂಡು.
ಮುಖದ ಪಟ್ಟಿ ಕಳಚಿಯೇ ಬಿಡುವುದು,
ಕಳಚಲಾಗದ ದಿನ ಸವೆದ ತೊಗಲಿನದೇ,
ಕೊಂಬೆಗೆ ಸಿಕ್ಕರೆ ಕುತ್ತಿಗೆಗಿಂತ ಮೊದಲು
ಅದು ಹರಿಯಬೇಕು.

ಎಂಡೆಲ್ ಕಲ್ಲುಗೋಡೆಗೆ ಒರಗಿ ನಗುತ್ತಿದ್ದ.
ಹುಲ್ಲಿಗೂ ಹತ್ತಿ ಸುತ್ತಿಬಿಡು, ಹೆಲ್ವೆ.

ಮಾರನೆಯ ದಿನ, ಏನೆಂದರೆ ಏನೂ ಇಲ್ಲದ ಬಯಲಲ್ಲಿ
ತನ್ನ ಹಿಂಗಾಲಿಂದ ತನ್ನದೇ ಮುಂಗಾಲು ತುಳಿದುಕೊಂಡು
ಕುಂಟುತ್ತಾ ಬಂದ.
ಅವನ ಕಾಲಿನಿಂದ ಅವನ ಕಾಲಿಗೆ
ಯಾವ ಬೇಲಿ ಹಾಕಲಿ?

ಆ ಚಳಿಗಾಲ ಬೇರೆ ಕೆಲಸ ಹಿಡಿದೆ.
ಮೆತ್ತನೆಯ ನೂಲಿನ ಹಗ್ಗ, ಗೊರಸಿನ ಮೇಲೆ ಒಂದು ಸುತ್ತು,
ಮೆಲ್ಲಗೆ ಬಿಗಿದೆ.
ಝಾಡಿಸಿದ. ಕಣ್ಣಿನ ಬಿಳಿ ಹೊರಳಿತು.
ಹಗ್ಗ ನನ್ನ ಕೈಗವಸನ್ನೇ ಸುಲಿದುಕೊಂಡು ಹೋಯಿತು.
ಮತ್ತೆ ಸುತ್ತಿದೆ.
ನಿಂತ ಆ ಗಳಿಗೆಗೆ ಸಡಿಲಿಸಿದೆ,
ಎಳೆದರೆ ಸುಮ್ಮನೆ ಹಿಡಿದುಕೊಂಡೆ.
ದಿನಕ್ಕೆ ಹತ್ತು ನಿಮಿಷ, ಲಾಟೀನಿನ ಬೆಳಕಲ್ಲಿ,
ಇಬ್ಬರ ಉಸಿರೂ ಹೊಗೆ.
ಫೆಬ್ರವರಿಯ ಹೊತ್ತಿಗೆ ಹಗ್ಗ ಬಿಗಿದೊಡನೆ
ಕಾಲು ತಾನಾಗಿ ಸೋಲುತ್ತಿತ್ತು,
ತಲೆ ತಗ್ಗಿಸಿ ನನ್ನ ದಾರಿ ಕಾಯುತ್ತಿದ್ದ.

ಅಕ್ಟೋಬರಿನ ಒಂದು ಬೆಳಗ್ಗೆ, ಮಂಜು.
ಶಿಳ್ಳೆ ಹಾಕಿದೆ. ಹೆಣ್ಗುದುರೆ ಬಂತು, ಇವನಿಲ್ಲ.
ಜೊಂಡಿನ ಅಂಚಿಗೆ, ಕಡಲು ದಡ ಕೊರೆದ ಕಡೆಗೆ ನಡೆದೆ.
ಅಲ್ಲಿ ನಿಂತಿದ್ದ.
ಹಿಂಗಾಲಿಗೆ ಎರಡು ಸುತ್ತು,
ನನ್ನ ಹನ್ನೊಂದು ಏಪ್ರಿಲ್‌ಗಳಿಗೂ ಸಿಗದೆ ಉಳಿದ ತಂತಿ.
ಬೆನ್ನ ತುಂಬ ಇಬ್ಬನಿ.
ಬಾಯಿಗೆ ನಿಲುಕುವಷ್ಟು ಹುಲ್ಲನ್ನು
ಅರ್ಧಚಂದ್ರಾಕಾರ ಬುಡಮಟ್ಟ ಮೇದಿದ್ದ,
ಹಿಂದೆ ಒಂದೇ ಜಾಗದಲ್ಲಿ ಮೂರು ಸಲದ ಲದ್ದಿ.
ನೆಲ ಎಲ್ಲೂ ಕೆದರಿರಲಿಲ್ಲ.
ಇಡೀ ರಾತ್ರಿಯನ್ನು ಹಾಗೆ ಓದಿಕೊಂಡೆ.

ಇಕ್ಕಳ ಹಿಡಿದ ಕೈ ನಡುಗಿತು, ಅವನ ಕಾಲಲ್ಲ.
ಬರೀ ಕೂದಲು ಉದುರಿತ್ತು, ಬೆರಳಗಲ.
ತಲೆಗೆ ಬಂದದ್ದು ರುಮಾಲಿಗೆ ಹೋಯಿತು
ಅಂದುಕೊಂಡು ಅವನ ಕುತ್ತಿಗೆಗೆ ಹಣೆ ಹಚ್ಚಿದೆ,
ಅತ್ತೆನೋ ಏನೋ, ಮಂಜಿನಲ್ಲಿ ಎಲ್ಲವೂ ಒದ್ದೆ.

ತಂತಿ ಎಳೆದೆ. ಬಂತು, ಬಂತು, ಮುಗಿಯಲಿಲ್ಲ.
ಮಣ್ಣಿನ ಮಟ್ಟಕ್ಕೆ ಕತ್ತರಿಸಿ
ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟೆ.
ಉಳಿದದ್ದು ಏಪ್ರಿಲ್‌ಗೆ.

ತುಯಿಸ್ಕ್ ಅಷ್ಟರಲ್ಲಿ ಮನೆಕಡೆ ಕುಣಿಯುತ್ತಾ ಹೋಗಿ
ನೀರಿನ ಬಕೀಟಿನಲ್ಲಿ ಕಾಲಿಟ್ಟು,
ಒಂದು ಸಲ ಅಲುಗಿ,
ನಿಂತ.
ನನ್ನ ಕಡೆ ನೋಡಿದ.