ನೂರ ಹದಿನಾಲ್ಕು

ಹಿಕರಿ ಬೆಂಡ್ ನಿಲ್ದಾಣದಲ್ಲಿ ಕಾರಿಗೆ ಜಾಗ ಇನ್ನೂರ ಆರು.
ಬರುವ ಕಾರು ಮುನ್ನೂರರ ಮೇಲೆ.
ಲೆಕ್ಕ ಇಷ್ಟೇ, ಉಳಿದದ್ದು ಬೆಳಗಿನ ಬೈಗುಳ.

ಪರ್ಮಿಟ್ಟಿಗೆ ಹೆಸರು ಬರೆಸಿ ಏಳು ವರ್ಷ.
ಪುರಸಭೆಯ ಕಿಟಕಿಯಾಚೆ ಮಿಸೆಸ್ ಪ್ರೊಹಾಸ್ಕಾ
ಪಟ್ಟಿ ತೆಗೆಯುವ ಗೋಜಿಗೇ ಹೋಗದೆ ನನ್ನ ಮುಖ ನೋಡಿ
'ನಲವತ್ತೊಂದು' ಅನ್ನುತ್ತಾಳೆ.
ಹೋದ ವರ್ಷ ನಲವತ್ತಮೂರಿತ್ತು.
ನಡುವೆ ಇಬ್ಬರು ಸತ್ತಿರಬೇಕು,
ಇಲ್ಲವೇ ಫ್ಲಾರಿಡಾಕ್ಕೆ ಹೋಗಿರಬೇಕು.
ಪಟ್ಟಿಗೆ ಎರಡೂ ಒಂದೇ.

ದಿನಸಿ ಅಂಗಡಿಯ ಹಿಂದೆ ನಿಲ್ಲಿಸಿ ನೋಡಿದೆ,
ಟೈರಿನ ಮೇಲೆ ಸೀಮೆಸುಣ್ಣದ ಗೀಟು, ದಂಡ ನಲವತ್ತು.
ಚರ್ಚಿನ ಅಂಗಳದಲ್ಲಿ ನಿಲ್ಲಿಸಿದೆ,
ವೈಪರಿನಡಿ ಪಾದ್ರಿಯ ದುಂಡು ಕೈಬರಹ:
'ದೇವರು ಕ್ಷಮಿಸುತ್ತಾನೆ,
ಕಾರು ಎಳೆದೊಯ್ಯುವವನು ಕ್ಷಮಿಸುವುದಿಲ್ಲ.'

ಹೀಗೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಾಗ
ಒಂದು ಫೆಬ್ರವರಿಯ ನಸುಕಿನಲ್ಲಿ ಸಿಕ್ಕವಳು ಆಕೆ.

ಆಕೆ ಅಂದರೆ, ಆಕೆಯ ಕಾರು.
ಎಡಗಡೆ ನುಗ್ಗಾದ ಬಾಗಿಲು,
ಕನ್ನಡಿಗೆ ನೇತುಬಿದ್ದ ಜಪಮಣಿ.
ಎಲ್ಲರೂ ಪಟ್ಟಣಕ್ಕೆ ಹೊರಡುವ ಹೊತ್ತಿಗೆ
ಪಟ್ಟಣದಿಂದ ಬಂದಿಳಿಯುವ ಒಬ್ಬಳೇ ಹೆಂಗಸು.
ಅವಳ ರೈಲು ಆರು ನಲವತ್ತಕ್ಕೆ,
ನನ್ನದು ಆರು ಐವತ್ತೆರಡಕ್ಕೆ.
ನಡುವಿನ ಹನ್ನೆರಡು ನಿಮಿಷ ನಮ್ಮಿಬ್ಬರದು.

ನಾನು ಹಿಂದೆ ನಿಂತು ದೀಪ ಮಿಣುಕಿಸುತ್ತೇನೆ.
ಆಕೆ ಹಳೆಯ ಲೈಬ್ರರಿ ಕಾರ್ಡಿನಿಂದ
ಗಾಜಿನ ಹಿಮ ಕೆರೆಯುತ್ತಾಳೆ, ಕಣ್ಣಿಗೆ ಬೇಕಾದಷ್ಟೇ.
ಕತ್ತಿನವರೆಗೆ ಸುತ್ತಿದ ಉಣ್ಣೆ, ಮೂಗಿನ ತುದಿ, ಒಂದಿಷ್ಟು ಉಗಿ.
ಮುಖ ಅಂತ ನಾನು ನೋಡಿದ್ದು ಅಷ್ಟೇ.
ಎರಡು ಬೆರಳೆತ್ತಿ ಹೊರಟುಬಿಡುತ್ತಾಳೆ.
ಬಿಳಿಯ ನೆಲದಲ್ಲಿ ಕಾರಿನಳತೆಯ ಕಪ್ಪು ಚೌಕ,
ಅದರೊಳಕ್ಕೆ ನಾನು.

ಆಮೇಲೆ ಕಬ್ಬಿಣದ ಹಣದ ಪೆಟ್ಟಿಗೆ.
ಒಂದೊಂದು ಜಾಗಕ್ಕೂ ಒಂದೊಂದು ಸೀಳುಬಾಯಿ.
ಎರಡು ಡಾಲರನ್ನು ಎಂಟು ಮಡಿಕೆ ಮಾಡಿ,
ಸರಪಳಿಗೆ ಕಟ್ಟಿದ ತಗಡಿನಿಂದ ತುರುಕಬೇಕು.
ನೂರ ಹದಿನಾಲ್ಕರ ಬಾಯಲ್ಲಿ ಕೆಲವು ದಿನ
ಆಕೆ ನಿನ್ನೆ ಸಂಜೆ ತುರುಕಿದ ನೋಟಿನ ಮೂಲೆ ಇಣುಕುತ್ತಿರುತ್ತದೆ.
ನನ್ನ ನೋಟು ಆಕೆಯ ನೋಟನ್ನು ಒಳಕ್ಕೆ ನೂಕುತ್ತದೆ.
ಎರಡು ಚಳಿಗಾಲ, ನಮ್ಮ ನಡುವಿನ ಸಂಬಂಧ ಇಷ್ಟು.

ಹೆಂಡತಿಗೆ ಹೇಳಿದೆ. 'ಹೆಸರೇನು?' ಅಂದಳು.
'ನೂರ ಹದಿನಾಲ್ಕು' ಅಂದೆ.
ಅವಳು ನಗಲಿಲ್ಲ.

ಮೊನ್ನೆ ಸೋಮವಾರ ಕಾರಿತ್ತು, ಆಕೆ ಬರಲಿಲ್ಲ.
ಆರು ನಲವತ್ತು ಬಂತು, ಯಾರೂ ಇಳಿಯಲಿಲ್ಲ.
ನನ್ನ ದೀಪ ಮಿಣುಕುತ್ತಲೇ ಇತ್ತು.
ಆರು ಐವತ್ತೆರಡು ಬಂತು, ಹೋಯಿತು.
ಜ್ವರವೇ? ಜಾರಿ ಬಿದ್ದಳೇ?
ಯಾರನ್ನು ಕೇಳಲಿ, ಏನೆಂದು ಕೇಳಲಿ?
ಇಳಿದು ಹೋಗಿ, ಕೈಗವಸು ಕಳಚಿ,
ಕಾರಿನ ನೆತ್ತಿ ಮುಟ್ಟಿ ನೋಡಿದೆ,
ಮಗುವಿನ ಹಣೆ ಮುಟ್ಟುವ ಹಾಗೆ.

ಬೆಚ್ಚಗಿತ್ತು.

ಅಂದರೆ ರಾತ್ರಿ ನಿಂತ ಕಾರಲ್ಲ. ಈಗ ತಾನೇ ಬಂದದ್ದು.
ಅಂದರೆ ಆಕೆಗೆ ಹಗಲು ಪಾಳಿ ಸಿಕ್ಕಿದೆ.
ಒಳ್ಳೆಯದಾಯಿತು, ಅಂದೆ ಗಟ್ಟಿಯಾಗಿ, ಯಾರಿಗೋ.
ಇನ್ನು ಗಂಡನ ಜೊತೆ ಉಣ್ಣಬಹುದು, ಬಿಸಿಲು ನೋಡಬಹುದು.
ಒಳ್ಳೆಯದೇ.
ನಾನೆಲ್ಲಿ ನಿಲ್ಲಿಸಲಿ, ದರಿದ್ರ?

ಮಂಗಳವಾರ ಸ್ಮಶಾನದ ಗೋಡೆಯ ಪಕ್ಕ ನಿಲ್ಲಿಸಿ
ಒಂದು ಮೈಲಿ ನಡೆದೆ. ಅಲ್ಲಿ ಯಾರೂ ಚೀಟಿ ಇಡುವುದಿಲ್ಲ.
ಏದುಸಿರು ಬಿಡುತ್ತ ಹತ್ತಿದರೆ ಬೋಗಿ ತುಂಬ ಜನ.
ಕಿಟಕಿಯ ಬಳಿ ಅದೇ ಉಣ್ಣೆ, ಅದೇ ಮೂಗು.
ಕೋಟಿನ ಮೇಲೆ ಬಿಲ್ಲೆ: ಲುಜ್‌ವಿಮಿಂಡಾ,
ಕೆಳಗೆ ಸಣ್ಣಕ್ಷರದಲ್ಲಿ, ಆಸ್ಪತ್ರೆ ಲಾಂಡ್ರಿ.

ಕಣ್ಣಿಗೆ ಕಣ್ಣು ಸಿಕ್ಕಿತು. ಗುರುತು ಸಿಗಲಿಲ್ಲ.
ಅವಳ ಪಾಲಿಗೆ ನಾನು ಎರಡು ಬೆಳಕು, ಒಂದು ಮಿಣುಕು.
ಕಾರಿಲ್ಲದ ನನಗೆ ಮುಖವೆಲ್ಲಿ?

ನಿಂತೇ ಇದ್ದೆ.
ಅವಳು ನನ್ನ ಕಡೆ ನೋಡದೆಯೇ
ಪಕ್ಕದ ಸೀಟಿನ ಮೇಲಿದ್ದ ಊಟದ ಚೀಲವನ್ನೆತ್ತಿ
ತೊಡೆಯ ಮೇಲಿಟ್ಟುಕೊಂಡಳು.
ಅಭ್ಯಾಸಬಲದಿಂದ ಎರಡು ಬೆರಳೆತ್ತಿದ ಹಾಗಿತ್ತು,
ಅಥವಾ ಚೀಲದ ಹಿಡಿ ಸರಿಮಾಡಿಕೊಂಡಳೋ.

ಕೂತೆ.
ಸೀಟು ತಣ್ಣಗಿತ್ತು.