ಕಿರುಬೆರಳು

ಜುಂಬೇರ್ ತಂದ ಫ್ಲಾಪಿಗೆ ದ್ರಾಕ್ಷಾರಸದ ಕಲೆ.
ಮೇಲೆ ಪೆನ್ಸಿಲಿನಲ್ಲಿ: ತೊಂಬತ್ತಾರು, ನುಗ್ಜಾರನ ಮದುವೆ.
ಕುತಾಯಿಸಿಯಿಂದ ಸಮುದ್ರದ ಕಡೆಗೆ ಈಗ ಮಿನಿಬಸ್ ಓಡಿಸುತ್ತಾನೆ;
ಅದರ ಎಂಜಿನ್ ಆರಿಸದೆಯೇ ಒಳಗೆ ಬಂದ.
"ಹತ್ತೇ ನಿಮಿಷ, ನಾತೇಲಾ. ಜನ ಕೂತಿದ್ದಾರೆ."

ತೆರೆದೆ. ಪರದೆಯ ತುಂಬ ಹಸಿರು ಕಡ್ಡಿಗಳು.
ಓಡಿಸಿದರೆ ಸದ್ದಿಲ್ಲ.
"ಹಾಳಾಗಿದೆ," ಅಂದ.
ಹಾಳಾಗಿಲ್ಲ ಮಾಮ, ಇದರ ಹೆಸರಷ್ಟೇ ಮಿಡಿ,
ಮಿಡಿಯಲು ಒಳಗೆ ತಂತಿಯಿಲ್ಲ.
ಯಾವ ಮನೆ, ಯಾವಾಗ ಒತ್ತಿದ್ದು, ಎಷ್ಟು ಜೋರು, ಯಾವಾಗ ಬಿಟ್ಟದ್ದು,
ಅಷ್ಟೇ ಬರೆದಿಟ್ಟುಕೊಂಡಿದೆ, ಲೇವಾದೇವಿಯವನ ಹಾಗೆ.
ಕಂಠ ನಾವು ಕೊಡಬೇಕು.

ಪಿಯಾನೊ ಕೊಟ್ಟೆ. ಡ್ರಮ್ಮಿನ ಸಾಲೂ ಅದಕ್ಕೇ ಸಿಕ್ಕಿಕೊಂಡು
ತಾಳವೆಲ್ಲ ಮಂದ್ರದಲ್ಲಿ ದಡಬಡ ಬಿತ್ತು,
ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದಂತೆ.
ಅವನು ನಕ್ಕ. ಹತ್ತನೆಯ ಚಾನೆಲ್ ಬೇರೆ ಮಾಡಿದ ಮೇಲೆ
ಮದುವೆಮನೆ ನೆಟ್ಟಗೆ ನಿಂತಿತು.

"ಇದು ಬಹಳ ಚೆಂದ," ಎಂದ, ಮುಖ ಗಂಟಿಕ್ಕಿ.
"ನನ್ನ ಪೆಟ್ಟಿಗೆ ಇಷ್ಟು ಚೆಂದ ಇರಲಿಲ್ಲ. ಮೂಗಿನಲ್ಲಿ ಹಾಡುತ್ತಿತ್ತು."
ಹುಡುಕಿ ಹುಡುಕಿ ಒಂದು ಬಡ ಅಕಾರ್ಡಿಯನ್ ಸಿಕ್ಕಿತು,
ನೆಗಡಿ ಹಿಡಿದದ್ದು.
"ಹ್ಞಾ, ಇವನೇ."

ನಲವತ್ತನೆಯ ಆವರ್ತದಲ್ಲಿ ಎಡಗೈ ಇಲ್ಲ.
ಒಂದೆರಡು ಮಾತ್ರೆಯಲ್ಲ, ಹನ್ನೊಂದು.
ಕಡ್ಡಿಗಳ ನಡುವೆ ಬೋಳು ನೆಲ.
ಹಿಂದಿನದನ್ನೇ ನಕಲು ಮಾಡಿ ತುಂಬಲೇ?
"ಬೇಡ. ಅಲ್ಲಿ ವಧುವಿನ ತಾತ ಎದ್ದು ನಿಂತು
ಸತ್ತವರ ಹೆಸರಿನಲ್ಲಿ ಕೊಂಬು ಎತ್ತಿದ.
ನನ್ನ ಕೈಗೂ ಒಂದು ಕೊಟ್ಟ. ಕುಡಿಯದೆ ಇರಲಾದೀತೇ?
ಬಲಗೈಯೊಂದರಲ್ಲೇ ನುಡಿಸಿದೆ.
ಕೊಂಬನ್ನು ಕೆಳಗಿಡುವ ಹಾಗಿಲ್ಲ, ಗೊತ್ತಲ್ಲ,
ಬರಿದಾಗುವವರೆಗೆ."
ಹನ್ನೊಂದು ಮಾತ್ರೆ. ಸಣ್ಣ ಕೊಂಬೇ ಇರಬೇಕು.

ಫ್ಲಾಪಿಯ ಕೊನೆಯ ತುಣುಕನ್ನು ಯಂತ್ರ ಓದಲಿಲ್ಲ.
ಒತ್ತಿದ್ದು ಬಂದಿದೆ, ಬಿಟ್ಟದ್ದು ಬಂದಿಲ್ಲ.
ಕೆಳಗಿನ ಒಂದು ಸ್ವರ,
ಎಡಗೈಯ ಕಿರುಬೆರಳು, ಬಲ ಮೂವತ್ತೆಂಟು.
ಪಿಯಾನೊ ಆಗಿದ್ದರೆ ತಾನೇ ಬಾಡಿಹೋಗುತ್ತಿತ್ತು.
ಈ ಅಕಾರ್ಡಿಯನ್ನಿಗೆ ಉಸಿರು ಮುಗಿಯುವುದಿಲ್ಲ;
ತಿದಿ ಒತ್ತುವವರೇ ಇಲ್ಲದ ಮೇಲೆ ದಣಿವೆಲ್ಲಿ?
ಹಾಡು ಮುಗಿಯಿತು. ಅದು ನಿಂತಿಲ್ಲ.

ಹೊರಗೆ ಪ್ರಯಾಣಿಕರು ಯಾರೋ ಹಾರ್ನ್ ಒತ್ತಿದರು.
ಎಲ್ಲ ಸ್ವರವನ್ನೂ ಒಟ್ಟಿಗೇ ಅಡಗಿಸುವ ಗುಂಡಿಯೊಂದಿದೆ;
ಅದರ ಮೇಲೆ ಬೆರಳಿಟ್ಟು ಅವನ ಕಡೆ ನೋಡಿದೆ.

ಜುಂಬೇರ್ ಮೇಜಿನ ಮೇಲಿದ್ದ ತನ್ನ ಎಡಗೈಯನ್ನೇ ನೋಡುತ್ತಿದ್ದ.
ಮೆಲ್ಲಗೆ ಕಿರುಬೆರಳೆತ್ತಿದ.
ನಿಲ್ಲಲಿಲ್ಲ.
ಮತ್ತೆ ಒತ್ತಿ, ಮತ್ತೆ ಎತ್ತಿದ.